ದರಕು ತರುವ ಮುನ್ನ: ಮಂಗನ ಕಾಯಿಲೆ ಮನೆಯೊಳಗೆ ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ

ಅಡಿಕೆಯ ಕೊನೆಕೊಯ್ಲು ಮುಗಿದು ಅಂಗಳದಲ್ಲಿ ಚಾಲಿ ಒಣಗುವ ಹೊತ್ತಿಗೆ ನಮ್ಮ ಕಡೆ ದರಕಿನ ಕೆಲಸ ಶುರುವಾಗುತ್ತದೆ. ಶಿರಸಿ, ಸಿದ್ದಾಪುರದವರಿಗೆ ದರಕು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾರವಾರ, ಅಂಕೋಲಾ ಪೇಟೆಯಲ್ಲಿ ಕೂತು ಓದುವವರಿಗೆ ಹೇಳುತ್ತೇನೆ: ಬೆಟ್ಟದಲ್ಲಿ ಉದುರಿ ಬಿದ್ದ ಒಣ ಎಲೆ. ಅದನ್ನು ಗುಡಿಸಿ, ಹಗ್ಗದ ಕಲ್ಲಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಿದರೆ ಮುಂದೆ ತೋಟಕ್ಕೆ ಗೊಬ್ಬರ. ಅದೇ ತಿಂಗಳುಗಳಲ್ಲಿ, ಅದೇ ಎಲೆಯ ನಡುವೆ, ಮಂಗನ ಕಾಯಿಲೆ ಅಂಟಿಸುವ ಉಣುಗೂ (ರಕ್ತ ಹೀರುವ ಉಣ್ಣಿ) ಕಾದು ಕೂತಿರುತ್ತದೆ.

ನನ್ನ ಚಿಕ್ಕಪ್ಪನಿಗೆ ಈ ಕಾಯಿಲೆ ಬಂದಾಗ ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು. "ನಾನು ಮಂಗನ ಹತ್ರವೇ ಹೋಗಿಲ್ಲ ಮಾರಾಯ, ನಂಗೆ ಹೆಂಗೆ ಬಂತು?" ಹೆಸರೇ ದಾರಿ ತಪ್ಪಿಸುತ್ತದೆ, ಅಲ್ವಾ? ಮಂಗನ ಕಾಯಿಲೆ ಬರಲು ಮಂಗ ಕಣ್ಣಿಗೆ ಬೀಳಲೇಬೇಕು ಅಂತಿಲ್ಲ. ಅದು ನಿಮ್ಮ ಪಂಚೆಯ ಅಂಚಿನಲ್ಲಿ, ಕಲ್ಲಿಯ ಹಗ್ಗದಲ್ಲಿ, ದನದ ಕಿವಿಯಲ್ಲಿ ಕೂತು ಬರಬಹುದು. ಹಾಗಾಗಿ ಈ ಲೇಖನ ಪೂರ್ತಿ ಆ ದಾರಿಯ ಬಗ್ಗೆ. ಬೆಟ್ಟದಿಂದ ಮನೆಯವರೆಗೆ ಎಲ್ಲೆಲ್ಲಿ ಅದನ್ನು ತಡೆಯಬಹುದು ಅಂತ ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಶತ್ರು ಯಾರು ಅಂತ ತಿಳಿದುಕೊಳ್ಳಿ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಕಡು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಮೊದಲು ಅವರಿಗೆ ಬಂದ ಅನುಮಾನ ಹಳದಿ ಜ್ವರದ್ದು. ಅದು ನಮ್ಮ ದೇಶಕ್ಕೆ ಕಾಲಿಟ್ಟಿತೇನೋ ಅಂತ ದೊಡ್ಡ ಗಾಬರಿ. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ಹತ್ತಿರದ ಸಂಬಂಧಿ ಅಂತ ಗೊತ್ತಾಯಿತು. ಹೀಗೆ ಕಾಡಿನ ಹೆಸರೇ ಕಾಯಿಲೆಯ ಹೆಸರಾಯಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಆಸ್ಪತ್ರೆ ಚೀಟಿಯಲ್ಲಿ ಕೆಎಫ್‌ಡಿ. ಕ್ಯಾಸನೂರು ನಮ್ಮಿಂದ ಏನೂ ದೂರವಲ್ಲ. ಸಿದ್ದಾಪುರ ದಾಟಿದರೆ ಸೊರಬ ತಾಲೂಕು ಪಕ್ಕದಲ್ಲೇ ಇದೆ.

ವೈರಸ್ಸನ್ನು ಹೊತ್ತು ತಿರುಗುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ಹೆಸರು ಮರೆತರೂ ಪರವಾಗಿಲ್ಲ. ಅದರ ವರ್ಷದ ಲೆಕ್ಕ ಮಾತ್ರ ಮರೆಯಬೇಡಿ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನ, ಕಾಡುಕೋಣ, ಕಡವೆಯಂಥ ದೊಡ್ಡ ಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿಯುತ್ತವೆ. ಆಮೇಲೆ ನೆಲಕ್ಕೆ ಉದುರಿ ಮೊಟ್ಟೆ ಇಡುತ್ತವೆ. ಮಳೆ ಮುಗಿಯುವ ಹೊತ್ತಿಗೆ ಮೊಟ್ಟೆ ಒಡೆದು ಆರು ಕಾಲಿನ ಪುಟಾಣಿ ಮರಿ. ಅದು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಮನುಷ್ಯರನ್ನು ಕಚ್ಚಿ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಈ ಎಳೆಯದು. ಎಳ್ಳು ಕಾಳಿಗಿಂತ ದೊಡ್ಡದಿಲ್ಲ. ಕಚ್ಚಿದರೆ ಉರಿಯೂ ಇಲ್ಲ, ನೋವೂ ಇಲ್ಲ. ಇದರ ಕಾಲ ನವೆಂಬರಿನಿಂದ ಮೇ ವರೆಗೆ, ಜೋರು ಜನವರಿಯಿಂದ ಮಾರ್ಚ್.

ಉಂಬಳ (ಜಿಗಣೆ) ಮಳೆಗಾಲದ ನೆಂಟ, ಎಳೆ ಉಣುಗು ಬೇಸಿಗೆಯ ನೆಂಟ ಅಂತ ಇಟ್ಟುಕೊಳ್ಳಿ. ಉಂಬಳ ಕಚ್ಚಿದರೆ ರಕ್ತ ಸುರಿದು ಗೊತ್ತಾಗುತ್ತದೆ. ಇದು ಹೊಟ್ಟೆ ತುಂಬಿಸಿಕೊಂಡು ಸದ್ದಿಲ್ಲದೆ ಎದ್ದು ಹೋಗುತ್ತದೆ.

ಹಾಗಾದರೆ ಮಂಗನ ಪಾತ್ರವೇನು? ಕಪ್ಪು ಮುಖದ ಮುಸಿಯ, ತೋಟಕ್ಕೆ ದಾಳಿ ಇಡುವ ಮಾಮೂಲಿ ಮಂಗ, ಎರಡಕ್ಕೂ ಈ ವೈರಸ್ ಮಾರಕ. ಕಾಯಿಲೆ ಬಿದ್ದ ಮಂಗನ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಅದು ಸತ್ತು ಮೈ ತಣ್ಣಗಾಗುತ್ತಲೇ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಕೆಳಗೆ ಇಳಿಯುತ್ತವೆ. ಆ ಜಾಗ ಒಂದು ಅಡ್ಡೆಯಾಗುತ್ತದೆ. ಹೆಣ ಕೊಳೆತು ಹೋದ ಮೇಲೂ ಉಣುಗು ಅಲ್ಲೇ ಇರುತ್ತದೆ. ಚಿಕ್ಕಪ್ಪ ಮಂಗನನ್ನು ನೋಡದೇ ಇದ್ದದ್ದು ನಿಜವೇ. ಎಲೆ ಗುಡಿಸಿದ ಜಾಗದ ಸಮಾಚಾರ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಮಂಗನ ಕಾಯಿಲೆ ಬೇರೆ, ಟಿವಿಯಲ್ಲಿ ಬಂದ ಮಂಕಿಪಾಕ್ಸ್ ಬೇರೆ. ಎರಡಕ್ಕೂ ಸಂಬಂಧವಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದವರ ತಟ್ಟೆ ಲೋಟ ಬೇರೆ ಇಡುವುದು, ಅವರ ಮನೆಯ ಕಾರ್ಯಕ್ಕೆ ಹೋಗದೆ ತಪ್ಪಿಸಿಕೊಳ್ಳುವುದು, ಇವೆಲ್ಲ ಬೇಡದ ಕೆಲಸ. ಹಾಲಿನಿಂದ ಬಂದ ದಾಖಲೆಯೂ ಇಲ್ಲ.

ನಿಮ್ಮ ಜಾಗದ ಲೆಕ್ಕ ಹಾಕಿ

ದಟ್ಟ ಕಾಡಿಗೆ ಹೋಗುವವರಿಗೆ ಮಾತ್ರ ಇದು ಬರುತ್ತದೆ ಅಂತ ಹಲವರು ತಿಳಿದಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶಿವಮೊಗ್ಗ ಜಿಲ್ಲೆಯ ಕಾಯಿಲೆಯ ದಾಖಲೆಯನ್ನು ಕಾಡಿನ ನಕ್ಷೆಯ ಜೊತೆ ಹೊಂದಿಸಿ ನೋಡಿತು. ಅಪಾಯ ಜಾಸ್ತಿ ಕಂಡದ್ದು ನಿತ್ಯಹಸಿರು ಕಾಡೂ ತೋಟವೂ ಒಂದರೊಳಗೊಂದು ಬೆರೆತಿರುವ, ಊರದನ ಹೆಚ್ಚಿರುವ ಜಾಗಗಳಲ್ಲಿ. ಮೇಲೆ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಮನೆ, ಪಕ್ಕದಲ್ಲಿ ಕೊಟ್ಟಿಗೆ. ಓದುವಾಗ ನಮ್ಮೂರನ್ನೇ ನೋಡಿ ಬರೆದ ಹಾಗಿತ್ತು.

ಹಾಗಾಗಿ ನವೆಂಬರ್ ಬರುತ್ತಿದ್ದ ಹಾಗೆ ಒಂದು ಕೆಲಸ ಮಾಡಿ. ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಎರಡು ಪ್ರಶ್ನೆ ಕೇಳಿ. ಕಳೆದ ಬೇಸಿಗೆಯಲ್ಲಿ ಈ ಸುತ್ತಿನಲ್ಲಿ ಯಾರಿಗಾದರೂ ಬಂದಿತ್ತಾ? ಎಲ್ಲಾದರೂ ಮಂಗ ಸತ್ತಿತ್ತಾ? ಸತ್ತಿದ್ದರೆ ಯಾವ ಬೆಟ್ಟ, ಯಾವ ಹಳ್ಳದ ಹತ್ತಿರ ಅಂತ ಸರಿಯಾಗಿ ಕೇಳಿಕೊಳ್ಳಿ. ಈ ವರ್ಷ ಅಲ್ಲಿ ದರಕು ಗುಡಿಸಬೇಡಿ. ದನವನ್ನೂ ಅತ್ತ ಹೊಡೆಯಬೇಡಿ. ಸಿದ್ದಾಪುರ ತಾಲೂಕಿನಲ್ಲಿ 2024ರ ಬೇಸಿಗೆಯಲ್ಲಿ ಕಾಯಿಲೆ ಜೋರಾಗಿ ಕಾಣಿಸಿಕೊಂಡಿತ್ತು. ಘಟ್ಟದ ಕೆಳಗಿನವರೂ ನಮಗಿಲ್ಲ ಬಿಡಿ ಅಂತ ಕೂರುವ ಹಾಗಿಲ್ಲ. ಹೊನ್ನಾವರ ತಾಲೂಕಿನ ಕಾಡಂಚಿನಲ್ಲೂ ಇದು ಬಂದಿದೆ. ಆಚೆ ಗೋವಾದ ಸತ್ತರಿ ತಾಲೂಕಿನಲ್ಲಿ 2015ರಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ 2016ರಲ್ಲಿ ಕಾಣಿಸಿಕೊಂಡಿತು. ಅತ್ತ ಶಿವಮೊಗ್ಗ, ಇತ್ತ ಗೋವಾ, ನಮ್ಮ ಉತ್ತರ ಕನ್ನಡ ಜಿಲ್ಲೆ ನಡುವೆ ಸಿಕ್ಕಿಕೊಂಡಿದೆ.

ಬೆಟ್ಟಕ್ಕೆ ಹೊರಡುವ ಮುನ್ನ

ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ. ಎಲೆಯ ಇಲ್ಲವೇ ಹುಲ್ಲಿನ ತುದಿಗೆ ಬಂದು ಮುಂಗಾಲು ಚಾಚಿ ಕಾಯುತ್ತದೆ. ಏನಾದರೂ ತಾಗಿಕೊಂಡು ಹೋದರೆ ಹಿಡಿದುಕೊಳ್ಳುತ್ತದೆ. ಸಂಶೋಧಕರು ಉಣುಗು ಹಿಡಿಯುವ ವಿಧಾನ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವರ ಹತ್ತಿರ ಯಂತ್ರಗಿಂತ್ರ ಏನಿಲ್ಲ. ಒಂದು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಎಲೆಗಳ ಮೇಲೆ ಎಳೆಯುತ್ತಾ ಹೋಗುತ್ತಾರೆ. ಸ್ವಲ್ಪ ದೂರ ಎಳೆದು ಮಗುಚಿ ನೋಡಿದರೆ ಬಟ್ಟೆಗೆ ಎಳ್ಳು ಚೆಲ್ಲಿದ ಹಾಗೆ ಹತ್ತಿಕೊಂಡಿರುತ್ತವೆ. ನೀವು ಉಟ್ಟ ಪಂಚೆ, ಸೀರೆಯ ನೆರಿಗೆ ಮಾಡುವ ಕೆಲಸವೂ ಅದೇ.

ಹಾಗಾಗಿ ಪಂಚೆ, ಲುಂಗಿ, ಚಡ್ಡಿ ಬೇಡ. ಉದ್ದ ಪ್ಯಾಂಟು, ಅದರ ಕಾಲನ್ನು ಸಾಕ್ಸಿನ ಒಳಗೆ ಸೇರಿಸಿ. ತುಂಬು ತೋಳಿನ ಅಂಗಿ, ಅದರ ತುದಿ ಪ್ಯಾಂಟಿನ ಒಳಗೆ. ಹೆಂಗಸರು ಸೀರೆಯ ಬದಲು ಚೂಡಿದಾರವೋ ಹಳೇ ಪ್ಯಾಂಟೋ ಹಾಕಿಕೊಂಡರೆ ಒಳ್ಳೆಯದು. "ಈ ವಯಸ್ಸಲ್ಲಿ ಪ್ಯಾಂಟಾ" ಅಂತ ನಮ್ಮ ಚಿಕ್ಕಮ್ಮ ನಕ್ಕಿದ್ದರು. ಈಗ ಮಗನ ಹಳೇ ಪ್ಯಾಂಟು ದರಕಿಗೆ ಅಂತಲೇ ಅವರ ಹೆಸರಿಗೆ ಮೀಸಲು. ಬಟ್ಟೆಯ ಬಣ್ಣ ತಿಳಿಯಾಗಿರಲಿ, ಹರಿದಾಡುವುದು ಕಾಣುತ್ತದೆ. ಗಮ್‌ಬೂಟು ಇದ್ದರೆ ಇನ್ನೂ ವಾಸಿ. ಹೊರೆ ಹೊರುವವರು ತಲೆಗೆ ಬಟ್ಟೆ ಬಿಗಿಯಾಗಿ ಸುತ್ತಿ, ಕುತ್ತಿಗೆ ಮುಚ್ಚುವ ಹಾಗೆ. ಹಾಳೆ ಟೊಪ್ಪಿ ಒಂದೇ ಸಾಲದು. ಹೊರೆಯಿಂದ ಉದುರುವುದೆಲ್ಲ ಹಿಂದಿನಿಂದ ಅಂಗಿಯೊಳಗೆ ಇಳಿಯುತ್ತದೆ.

ಆಮೇಲೆ ಡೆಪಾ ಎಣ್ಣೆ. ನಮ್ಮದೇ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತಯಾರಿಸಿದ, ಕೀಟವನ್ನು ದೂರ ಇಡುವ ಔಷಧ ಅದು. ಕಾಯಿಲೆ ಇರುವ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆ ಪುಕ್ಕಟೆ ಹಂಚುತ್ತದೆ. ಆಶಾ ಕಾರ್ಯಕರ್ತೆಯ ಹತ್ತಿರ ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಎಷ್ಟೋ ಮನೆಗಳಲ್ಲಿ ಬಾಟಲಿ ದೇವರ ಗೂಡಿನ ಪಕ್ಕ ಮುಚ್ಚಳ ತೆಗೆಯದೆ ಕೂತಿರುತ್ತದೆ. ವಾಸನೆ ಬರುತ್ತದೆ, ಅಂಟಂಟು ಅನ್ನುತ್ತಾರೆ. ಹೌದು, ಅಂಟಂಟೇ. ಆದರೂ ಹಚ್ಚಿ. ಕಾಲು, ಕೈ, ಕುತ್ತಿಗೆ, ಬಟ್ಟೆ ಮುಚ್ಚದ ಜಾಗಕ್ಕೆಲ್ಲ. ಕಣ್ಣು, ಬಾಯಿ, ಗಾಯಕ್ಕೆ ತಾಗಿಸಬೇಡಿ. ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಇರುತ್ತದೆ ಅಂತ ನಂಬಬೇಡಿ. ಬೆವರಿಗೆ ಇಳಿದು ಹೋಗುತ್ತದೆ. ಬಾಟಲಿ ಜೊತೆಗೇ ಒಯ್ದು ಊಟದ ಹೊತ್ತಿಗೆ ಇನ್ನೊಮ್ಮೆ ಹಚ್ಚಿ. ಊಟಕ್ಕೆ ಕೈ ತೊಳೆಯುವುದು ಮರೆಯಬೇಡಿ.

ಈ ತಯಾರಿ ದರಕಿಗೆ ಮಾತ್ರ ಅಲ್ಲ. ಸೀಗೆಕಾಯಿಗೆ ಹೋಗುವವರು, ಏಪ್ರಿಲ್ ಮೇ ತಿಂಗಳಲ್ಲಿ ಮುರುಗಲು ಹೆಕ್ಕುವವರು, ಜೇನಿಗೆ ಹೋಗುವವರು, ಗೇರು ಹಕ್ಕಲಿನಲ್ಲಿ ಬೀಜ ಕೂಡಿಸುವವರು, ಎಲ್ಲರದ್ದೂ ಇದೇ ಕಾಲ. ಶಾಲೆಗೆ ರಜೆ ಸಿಕ್ಕ ಮಕ್ಕಳು ಕವಳಿ ಹಣ್ಣಿಗೆ ಪೊದೆಯೊಳಗೆ ನುಗ್ಗುವುದೂ ಆಗಲೇ. ಮಾರಿಕಾಂಬೆ ಜಾತ್ರೆಗೆ ಬಂದ ನೆಂಟರು ಬುರುಡೆ ಜಲಪಾತ, ಉಂಚಳ್ಳಿ, ಯಾಣ ಅಂತ ಸುತ್ತುವುದೂ ಬೇಸಿಗೆಯಲ್ಲೇ. ಅವರಿಗೆ ಒಂದು ಮಾತು ಹೇಳಿ ಕಳಿಸಿ: ದಾರಿ ಬಿಟ್ಟು ಇಳಿಯಬೇಡಿ, ಒಣ ಎಲೆ ಮೇಲೆ ಚಾದರ ಹಾಸಿ ಕೂರಬೇಡಿ, ಕೂರಲು ಬಿಸಿಲು ಬಿದ್ದ ಬಂಡೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲಿನ ಅರ್ಧ ಗಂಟೆ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಬಹಳ ಜನ ತಪ್ಪುವುದೂ ಇಲ್ಲೇ. ದಣಿದು ಬಂದು ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಕವಳ ಹಾಕಿ, ಹಾಗೇ ಸ್ವಲ್ಪ ಒರಗುತ್ತೇವೆ. ಮೊಮ್ಮಗು ಬಂದು ತೊಡೆಯೇರುತ್ತದೆ. ಉಣುಗಿಗೆ ಬೇಕಾದ್ದೂ ಇಷ್ಟೇ ಪುರುಸೊತ್ತು.

ಜಗಲಿ ಹತ್ತಬೇಡಿ. ನೇರ ಬಚ್ಚಲುಮನೆಗೆ ಹೋಗಿ. ಹೊರಡುವ ಮುನ್ನವೇ ಹಂಡೆಗೆ ಬೆಂಕಿ ಹಾಕಿಡಲು ಮನೆಯವರಿಗೆ ಹೇಳಿರಿ. ಬಟ್ಟೆ ಬಿಚ್ಚಿ ಅಲ್ಲೇ ಒಂದು ಬಕೆಟ್ಟಿಗೆ ಹಾಕಿ ಕುದಿಯುವ ನೀರು ಸುರಿಯಿರಿ. ಬರೀ ತಣ್ಣೀರಲ್ಲಿ ನೆನೆಸಿದರೆ ಉಣುಗು ಸಾಯುವುದಿಲ್ಲ. ಬಿಚ್ಚಿದ ಬಟ್ಟೆಯನ್ನು ಮನೆಯೊಳಗಿನ ಗಳುವಿಗೆ ನೇತು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸ್ನಾನಕ್ಕೆ ಮುಂಚೆ ಮೈ ನೋಡಿಕೊಳ್ಳಿ. ಬಚ್ಚಲ ಹೊಗೆ ಹಿಡಿದ ಬಲ್ಬಿನ ಬೆಳಕು ಸಾಲದು, ಟಾರ್ಚ್ ಇರಲಿ. ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳು, ಹೊಕ್ಕಳು, ಕಿವಿಯ ಹಿಂದೆ, ಕೂದಲ ಬುಡ. ಇನ್ನೊಂದು ಜಾಗ ಎಲ್ಲರೂ ಮರೆಯುತ್ತಾರೆ: ಉಡಿದಾರದ ಅಡಿ. ಮೈಮೇಲೆ ಹತ್ತುತ್ತಾ ಬಂದ ಉಣುಗಿಗೆ ದಾರ ಅಡ್ಡ ಸಿಗುತ್ತದೆ, ಅಲ್ಲೇ ನಿಂತು ಕಚ್ಚುತ್ತದೆ. ನನಗೆ ಒಮ್ಮೆ ಸಿಕ್ಕಿದ್ದೂ ಅಲ್ಲೇ. ಮೊದಲು ಮಚ್ಚೆ ಅಂದುಕೊಂಡೆ. ಉಗುರು ತಾಗಿಸಿದರೆ ಕಾಲು ಆಡಿಸಿತು! ಬೆನ್ನು ನಮಗೆ ಕಾಣುವುದಿಲ್ಲ. ಮನೆಯವರ ಹತ್ತಿರ ನೋಡಿಸಿಕೊಳ್ಳಿ. ಮಕ್ಕಳ ತಲೆಯನ್ನು ಹೇನು ನೋಡುವ ಹಾಗೆ ಬಿಡಿಸಿ ನೋಡಿ. ಆಮೇಲೆ ಬಿಸಿನೀರು, ಸೋಪು, ಗಸಗಸ ಉಜ್ಜಿ ಸ್ನಾನ. ಡೆಪಾ ಎಣ್ಣೆಯೂ ಹೋಗಬೇಕು, ಕಚ್ಚಲು ಜಾಗ ಹುಡುಕುತ್ತಿರುವ ಉಣುಗೂ ಹೋಗಬೇಕು.

ಕಚ್ಚಿಕೊಂಡಿರುವುದು ಸಿಕ್ಕರೆ ಹೀಗೆ ಮಾಡಿ:

1. ಸಣ್ಣ ಮೊನೆಯ ಚಿಮುಟ ತಗೊಂಡು ಚರ್ಮಕ್ಕೆ ತಾಗಿಸಿ, ಉಣುಗಿನ ಹೊಟ್ಟೆಯನ್ನಲ್ಲ, ಬಾಯಿಯ ಬುಡವನ್ನು ಹಿಡಿಯಿರಿ.
2. ತಿರುಚದೆ, ಜರ್ಕ್ ಕೊಡದೆ, ನಿಧಾನ ನೇರವಾಗಿ ಮೇಲಕ್ಕೆ ಎಳೆಯಿರಿ.
3. ಉಗುರಿನಲ್ಲಿ ಕುಟ್ಟಿ ಸಾಯಿಸಬೇಡಿ. ಅದರ ಹೊಟ್ಟೆಯೊಳಗಿರುವುದು ನಿಮ್ಮ ಕೈಗೆ ತಾಗುತ್ತದೆ. ಸೆಲ್ಲೋಟೇಪಿಗೆ ಅಂಟಿಸಿ ಮಡಚಿ, ಇಲ್ಲ ಸ್ಪಿರಿಟ್ಟಿಗೆ ಹಾಕಿ.
4. ಕಚ್ಚಿದ ಜಾಗ, ಕೈ ಎರಡನ್ನೂ ಸೋಪಿನಿಂದ ತೊಳೆದು, ಆ ದಿನದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಬಿಡುವುದು, ಸುಣ್ಣ ತಂಬಾಕು ಮೆತ್ತುವುದು ಬೇಡ. ಉಂಬಳಕ್ಕೆ ಸರಿಹೋದದ್ದು ಇದಕ್ಕೆ ಸರಿಹೋಗುವುದಿಲ್ಲ. ಕಿರಿಕಿರಿಯಾದ ಉಣುಗು ಕುಡಿದದ್ದನ್ನು ಗಾಯದೊಳಗೇ ಕಾರಬಹುದು. ಇಷ್ಟು ಹೇಳಿದ್ದಕ್ಕೆ ಹೆದರಬೇಡಿ. ಕಚ್ಚಿದ ಉಣುಗಿನಲ್ಲೆಲ್ಲ ವೈರಸ್ ಇರುವುದಿಲ್ಲ. ಗುರುತು ಹಾಕಿ ಒಂದೆರಡು ವಾರ ಮೈಮೇಲೆ ಎಚ್ಚರ ಇಟ್ಟರೆ ಆಯಿತು.

ತಂದ ದರಕನ್ನು ಅಂಗಳದಲ್ಲಿ ಒಟ್ಟಬೇಡಿ. ಮನೆಯಿಂದ ದೂರ, ಬಿಸಿಲು ಬೀಳುವ ಕಡೆ ಒಟ್ಟಿ. ತಂಪು, ತೇವ ಇಲ್ಲದಿದ್ದರೆ ಉಣುಗು ಬಾಳುವುದು ಕಷ್ಟ. ಗುಪ್ಪೆಯ ಮೇಲೆ ಮಕ್ಕಳು ಹತ್ತಿ ಹಾರಿ ಆಡುವುದು ಚೆಂದವೇ, ನಾವೂ ಆಡಿದವರೇ. ಈ ಕಾಲದಲ್ಲಿ ಮಾತ್ರ ಬೇಡ. ಕಲ್ಲಿ, ಹಗ್ಗ, ತಲೆಗೆ ಸುತ್ತಿದ ಬಟ್ಟೆ ಮನೆಯೊಳಗೆ ಬರಕೂಡದು.

ಸತ್ತ ಮಂಗ ಕಂಡರೆ

ಮುಟ್ಟಬೇಡಿ. ಹತ್ತಿರ ಹೋಗಿ ಫೋಟೊ ತೆಗೆಯುವ ಉಮೇದೂ ಬೇಡ. ಮಂಗ ಸತ್ತರೆ ಹನುಮಂತನೆಂದು ಹೂವು ಹಾಕಿ, ಮಣ್ಣು ಮಾಡುವ ಪದ್ಧತಿ ಹಲವು ಊರುಗಳಲ್ಲಿದೆ. ಭಕ್ತಿ ದೊಡ್ಡದೇ. ಆದರೆ ಹೊತ್ತವರ ಹೆಗಲಿಗೆ ಇಳಿಯುವುದು ಉಣುಗು. ದೂರದಿಂದ ಕೈಮುಗಿದು ಹಿಂದೆ ಬನ್ನಿ.

ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯತಿ, ಫಾರೆಸ್ಟ್ ಗಾರ್ಡ್, ಪಶು ಆಸ್ಪತ್ರೆ, ಇವರಲ್ಲಿ ಯಾರು ಮೊದಲು ಫೋನಿಗೆ ಸಿಗುತ್ತಾರೋ ಅವರಿಗೆ ಹೇಳಿ. ಜಾಗ ಸರಿಯಾಗಿ ಹೇಳಿ. "ಬೆಟ್ಟದ ಹತ್ರ" ಅಂದರೆ ಅವರಿಗೆ ಹುಡುಕಲು ಒಂದು ದಿನ ಬೇಕು. ಬೇಗ ಹೇಳಿದಷ್ಟೂ ಒಳ್ಳೆಯದು, ಕೊಳೆತ ಹೆಣದಿಂದ ಪರೀಕ್ಷೆಗೆ ಸರಿಯಾದ ಮಾದರಿ ಸಿಗುವುದು ಕಷ್ಟ. ಅವರು ಪೂರ್ತಿ ಮೈಮುಚ್ಚುವ ಉಡುಪು ಹಾಕಿ ಬಂದು, ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ ಕೀಟನಾಶಕದ ಪುಡಿ ಹಾಕುತ್ತಾರೆ. ಮಂಗ ಬೇರೆ ಕಾರಣಕ್ಕೂ ಸತ್ತಿರಬಹುದು, ಕರೆಂಟು ತಂತಿ, ನಾಯಿ ಕಡಿತ. ಅದನ್ನು ತೀರ್ಮಾನ ಮಾಡುವುದು ನಮ್ಮ ಕೆಲಸವಲ್ಲ.

"ಹೇಳಿದರೆ ಬೆಟ್ಟಕ್ಕೆ ಹೋಗಬೇಡಿ ಅಂತಾರೆ, ದರಕಿಗೆ ಏನು ಮಾಡೋದು?" ಅಂತ ಸುಮ್ಮನಾಗುವವರೂ ಇದ್ದಾರೆ. ನಿಜವಾದ ಕಷ್ಟವೇ ಅದು, ನಗುವ ಹಾಗಿಲ್ಲ. ಆದರೂ ಒಂದು ಬೆಟ್ಟ ಬಿಟ್ಟು ಇನ್ನೊಂದು ಕಡೆ ಗುಡಿಸಬಹುದು. ತೋಟದ ಹಾಳೆ, ಸೋಗೆಯನ್ನೇ ಕಡಿದು ಒಂದು ವರ್ಷ ಹಾಸಬಹುದು.

ಜ್ವರ ಬಂದರೆ

ಕಚ್ಚಿದ 3ರಿಂದ 8 ದಿನದೊಳಗೆ ಜ್ವರ ಬರುತ್ತದೆ. ಮೆಲ್ಲಗೆ ಏರುವ ಜ್ವರವಲ್ಲ, ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಚಳಿ ಹಿಡಿದು ಮಲಗುತ್ತಾರೆ. ವಿಪರೀತ ತಲೆನೋವು, ಸೊಂಟ, ಮೀನಖಂಡದಲ್ಲಿ ಜಜ್ಜಿದ ಹಾಗೆ ನೋವು, ಕೆಂಪು ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ.

ಚಿಕ್ಕಪ್ಪನ ವಿಷಯ ಇಲ್ಲಿ ಹೇಳಬೇಕು. ಅವರಿಗೆ ಜ್ವರ ಬಂದಾಗ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮೈಕೈ ನೋವಿಗೆ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಟ್ಟಕ್ಕೆ ಹೋಗಿದ್ದಿರಾ ಅಂತ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಸಡಿನಲ್ಲಿ ರಕ್ತ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಜ್ವರ ಯಾವತ್ತು ಶುರುವಾಯ್ತು?" ಚಿಕ್ಕಮ್ಮ ಸೋಮವಾರ ಅಂದರು. ಮಗ ಬುಧವಾರ ಅಂದ. ಚಿಕ್ಕಪ್ಪ ಕಣ್ಣು ಮುಚ್ಚಿ ಮಲಗಿದ್ದರು.

ಆ ತಾರೀಖು ಯಾಕೆ ಮುಖ್ಯ ಅಂದರೆ, ಯಾವ ಪರೀಕ್ಷೆ ಮಾಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಅದನ್ನು ಆರ್‌ಟಿ-ಪಿಸಿಆರ್ ಹಿಡಿಯುತ್ತದೆ. ದಿನ ಕಳೆದ ಹಾಗೆ ವೈರಸ್ ಕಡಿಮೆಯಾಗಿ, ಮೈ ಅದರ ವಿರುದ್ಧ ತಯಾರಿಸಿದ ಪ್ರತಿಕಾಯ ಕಾಣಿಸಿಕೊಳ್ಳುತ್ತದೆ. ಅದನ್ನು ಹಿಡಿಯುವುದು ಎಲೈಸಾ ಪರೀಕ್ಷೆ. ತಾರೀಖು ತಪ್ಪಿದರೆ, ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೂ ಕಾಯಿಲೆ ಇರಬಹುದು.

ಹಾಗಾಗಿ ಜ್ವರ ಬಂದ ದಿನವೇ ಒಂದು ಚೀಟಿ ಬರೆಯಿರಿ. ಮೂರೇ ಸಾಲು ಸಾಕು. ಜ್ವರ ಶುರುವಾದ ತಾರೀಖು. ಹಿಂದಿನ ಎರಡು ವಾರದಲ್ಲಿ ಬೆಟ್ಟಕ್ಕೋ ಕಾಡಿಗೋ ಹೋಗಿದ್ದು ಯಾವಾಗ, ಎಲ್ಲಿ. ಉಣುಗು ಕಚ್ಚಿದ್ದು, ಮಂಗ ಸತ್ತ ಸುದ್ದಿ ಇದ್ದರೆ ಅದು. ಈ ಚೀಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಡಾಕ್ಟರ್ ಕೇಳದಿದ್ದರೂ ಕೊಡಿ. ನಮ್ಮ ಕಡೆ ಒಂದೇ ತರ ಕಾಣುವ ಜ್ವರ ನಾಲ್ಕಾರಿವೆ: ಡೆಂಗಿ, ಗದ್ದೆಯ ನೀರಿನಿಂದ ಬರುವ ಇಲಿ ಜ್ವರ, ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಇಲಿ ಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಬೇಗ ಆಂಟಿಬಯಾಟಿಕ್ ಕೊಟ್ಟರೆ ಗುಣವಾಗುತ್ತದೆ. ಮಂಗನ ಕಾಯಿಲೆಯೇ ಇರಬೇಕು ಅಂತ ಮನೆಯಲ್ಲೇ ನಿಶ್ಚಯ ಮಾಡಿಕೊಂಡು ಕೂತರೆ ಅದೂ ತಪ್ಪು.

ಮಂಗನ ಕಾಯಿಲೆಯ ವೈರಸ್ಸಿಗೆ ನೇರ ಔಷಧ ಇಲ್ಲ. ನೀರಿನ ಅಂಶ ಕಡಿಮೆಯಾಗದ ಹಾಗೆ, ಬಿಪಿ ಇಳಿಯದ ಹಾಗೆ, ರಕ್ತಸ್ರಾವ ಆಗದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ಅದು ಕೇಳಲು ಸಣ್ಣದು, ಸಮಯಕ್ಕೆ ಸಿಕ್ಕರೆ ಜೀವ ಉಳಿಸುವುದು ಅದೇ. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಜೆಕ್ಷನ್, ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಮೊದಲೇ ಇಳಿದಿರುತ್ತದೆ. ಗಂಜಿ, ಎಳನೀರು, ಓಆರ್‌ಎಸ್ ಧಾರಾಳ ಕುಡಿಸಿ. ರಕ್ತ ಕಂಡರೆ, ಮಲ ಕಪ್ಪಾದರೆ, ಎದ್ದು ನಿಂತರೆ ತಲೆ ತಿರುಗಿದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಇನ್ನೊಂದು ಮೋಸವಿದೆ. ಜ್ವರ ಒಂದೆರಡು ವಾರದಲ್ಲಿ ಬಿಡುತ್ತದೆ, ಮನೆಗೆ ಬರುತ್ತಾರೆ, ಊಟ ಸೇರುತ್ತದೆ. ಎಲ್ಲ ಸರಿಹೋಯಿತು ಅನ್ನುವಾಗ ನೂರರಲ್ಲಿ 10ರಿಂದ 20 ಜನರಿಗೆ ಜ್ವರ ಮರಳಿ ಬರುತ್ತದೆ. ಈ ಸಲ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜು, ಮಂಕು. ಆಸ್ಪತ್ರೆಯಿಂದ ಬಂದ ಮೇಲೂ ಎರಡು ಮೂರು ವಾರ ಮನೆಯಲ್ಲಿ ಒಬ್ಬರು ನಿಗಾ ಇಡಲೇಬೇಕು. ಚಿಕ್ಕಪ್ಪನಿಗೆ ಎರಡನೇ ಸಲದ ಜ್ವರ ಬರಲಿಲ್ಲ, ಪುಣ್ಯ. ಆದರೆ ತೋಟದ ದಣಪೆ ದಾಟಲು ಶಕ್ತಿ ಬರಲು ಎರಡು ತಿಂಗಳು ಬೇಕಾಯಿತು.

ಲಸಿಕೆಯ ಮಾತು

"ನಾನು ಸೂಜಿ ಹಾಕಿಸಿಕೊಂಡಿದ್ದೇನೆ" ಅಂತ ಕೆಲವರು ಧೈರ್ಯವಾಗಿದ್ದಾರೆ. 1990ರಿಂದ ನಮ್ಮ ಜಿಲ್ಲೆಗಳಲ್ಲಿ ಒಂದು ಲಸಿಕೆ ಕೊಡುತ್ತಿದ್ದುದು ನಿಜ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದೇ ಡೋಸಿನಿಂದ ಉಪಯೋಗ ಕಾಣಲಿಲ್ಲ. ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ. ಬೂಸ್ಟರನ್ನೂ ಮತ್ತೆ ಮತ್ತೆ ಹಾಕಿಸಬೇಕಿತ್ತು. ಸೂಜಿ ನೋವು ಜಾಸ್ತಿ, ಬಹಳ ಜನ ಮೊದಲ ಡೋಸಿಗೇ ನಿಲ್ಲಿಸಿದರು. ಕೊನೆಗೆ ಲಸಿಕೆಗೆ ಶಕ್ತಿ ಸಾಲದು ಅಂತ 2022ರಲ್ಲಿ ಅದನ್ನು ಕೊಡುವುದೇ ನಿಂತಿತು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ನಡೆದಿದೆ. ಅದು ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವವರೆಗೆ ಪ್ಯಾಂಟು, ಸಾಕ್ಸು, ಡೆಪಾ, ಬಿಸಿನೀರೇ ಗತಿ. ಹಳೇ ಸೂಜಿಯ ಲೆಕ್ಕ ಹಿಡಿದು ಇವನ್ನು ಬಿಡಬೇಡಿ.

ಮಳೆ ಬಿದ್ದ ಮೇಲೆ

ಜೂನ್ ಬಂತು, ಕಾಯಿಲೆ ಹೋಯಿತು ಅಂತ ಎಲ್ಲರೂ ಮರೆಯುತ್ತಾರೆ. ಮುಂದಿನ ಬೇಸಿಗೆಯ ಉಣುಗು ಮೊಟ್ಟೆಯಾಗುವುದು ಮಾತ್ರ ಆಗಲೇ. ಬೆಟ್ಟಕ್ಕೆ ಮೇಯಲು ಹೋಗುವ ದನಗಳ ಮೈಮೇಲೆ ಬೆಳೆದ ಉಣುಗು ಹತ್ತುವ ಕಾಲ ಅದು. ದನಕ್ಕೆ ಈ ಕಾಯಿಲೆಯ ಕಾಟವಿಲ್ಲ. ಆದರೆ ಉಣುಗನ್ನು ಸಾಕಿ, ಹೊತ್ತು ಕೊಟ್ಟಿಗೆಗೆ ತರುವುದು ಅದೇ.

ಸಂಜೆ ಹಾಲು ಕರೆಯುವ ಹೊತ್ತಿಗೆ ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲ ಬದಿ, ಬಾಲದ ಬುಡದಲ್ಲಿ ಕೈಯಾಡಿಸಿ. ಗಂಟು ಗಂಟಾಗಿ ಕೈಗೆ ಸಿಕ್ಕರೆ ಪಶು ಡಾಕ್ಟರಿಗೆ ಹೇಳಿ. ಮೈಗೆ ಹಚ್ಚುವ ಔಷಧವೂ ಇದೆ, ಸೂಜಿಯೂ ಇದೆ. ಯಾವುದು, ಎಷ್ಟು ಅಂತ ಅವರೇ ಹೇಳಲಿ. ಅಂಗಡಿಯಿಂದ ತೋಟಕ್ಕೆ ಹೊಡೆಯುವ ವಿಷ ತಂದು ದನಕ್ಕೆ ಬಳಿಯಬೇಡಿ. ಔಷಧ ಕೊಟ್ಟ ಮೇಲೆ ಎಷ್ಟು ದಿನದ ಹಾಲು ಬಿಡಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟು ದಿನದ ಹಾಲು ಮನೆಗೂ ಬೇಡ, ಡೇರಿಗೂ ಬೇಡ.